ಬಚ್ಚಲ ಹಂಡೆ: ಬಳಕೆದಾರರ ಕೈಪಿಡಿ

ಮಲೆನಾಡಿನ ಬಚ್ಚಲ ಹಂಡೆಯನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ನೀವು ಆರಿಸಿದ್ದೇನಲ್ಲ, ನೀವು ಹುಟ್ಟುವ ಮೊದಲೇ ಅದು ಒಲೆಯ ಮೇಲೆ ಹೂತುಕೊಂಡು ಕೂತಿತ್ತು. ಇರಲಿ, ಕೈಪಿಡಿಗೂ ಒಂದು ಮರ್ಯಾದೆ ಬೇಕು.

ತಾಂತ್ರಿಕ ವಿವರ: 40 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 6.7 ಮೆಗಾಜೂಲ್ ಶಾಖ ಬೇಕು. ಇದರಲ್ಲಿ ಚೌಕಾಸಿ ನಡೆಯುವುದಿಲ್ಲ. ಒಣ ಕಟ್ಟಿಗೆ ಕಿಲೋಗೆ ಸುಮಾರು 16 ಮೆಗಾಜೂಲ್ ಕೊಡುತ್ತದೆ. ಹಾಗಾದರೆ ಅರ್ಧ ಕಿಲೋ ಸಾಕಲ್ಲ ಎನ್ನುವ ಲೆಕ್ಕಪಂಡಿತರು ದಯವಿಟ್ಟು ತಣ್ಣೀರಿಗೆ ಸಿದ್ಧರಾಗಿ. ಬಾಯ್ದೆರೆದ ಒಲೆಯಲ್ಲಿ ನೀರಿಗೆ ಮುಟ್ಟುವುದು ನೂರಕ್ಕೆ ಹತ್ತೋ ಹದಿನೈದೋ ಪಾಲು. ಮಿಕ್ಕಿದ್ದು ಗೋಡೆಗೆ, ಹೊಗೆಗೆ, ಒಲೆಯೆದುರು ಚಳಿ ಕಾಯಿಸುವ ಅಜ್ಜನಿಗೆ, ಅಜ್ಜನ ಪಕ್ಕದ ಬೆಕ್ಕಿಗೆ. (ಅಜ್ಜನ ಪಾಲನ್ನು 'ನಷ್ಟ' ಎಂದು ಬರೆಯುವ ಪಠ್ಯಪುಸ್ತಕ ಮಲೆನಾಡಿನ ಚಳಿ ಕಂಡಿಲ್ಲ.) ಮೂರ್ನಾಲ್ಕು ಕಿಲೋ ತುರುಕಿ.

ಎಚ್ಚರಿಕೆ: ಹಸಿ ಕಟ್ಟಿಗೆ ಬಳಸಬೇಡಿ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಉರಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ನಿಮ್ಮ ಸ್ನಾನದ ಯೋಚನೆ. ಹಾಗೆ ಒಂದು ಲೀಟರ್ ಆವಿಯಾಗಿ ಹೋಗುವ ಶಾಖದಲ್ಲಿ ಹಂಡೆಯ 15 ಲೀಟರ್ ಹದವಾಗಿ ಕಾಯುತ್ತಿತ್ತು. ಕೊಳ್ಳಿಯ ತುದಿ ಚುಂಯ್ ಎಂದು ನೊರೆ ಕಕ್ಕಿದರೆ ಊದುಗೊಳವೆ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳಬೇಡಿ. ಬೇರೆ ಕಟ್ಟಿಗೆ ತನ್ನಿ.

ಬದಲಿ ಇಂಧನ: ಅಡಿಕೆ ಸೋಗೆ, ಹಾಳೆ ಭುಗ್ಗೆಂದು ಹತ್ತಿ ಆರುತ್ತವೆ. ಶಾಖವೇನೂ ಕಡಿಮೆಯಲ್ಲ, ನಿಲ್ಲುವ ತಾಳ್ಮೆಯಿಲ್ಲ ಅಷ್ಟೆ. ಕರಟ ಉತ್ತಮ, ಕೆಂಡವಾಗಿ ಬಹಳ ಹೊತ್ತು ಇರುತ್ತದೆ. ಅಡುಗೆ ಅನಿಲದ್ದು ಕಿಲೋಗೆ ಸುಮಾರು 46 ಮೆಗಾಜೂಲ್. ಉರಿ ನೇರ ತಳಕ್ಕೇ ತಾಗುವುದರಿಂದ ಅರ್ಧಕ್ಕಿಂತ ಹೆಚ್ಚು ನೀರಿಗೇ ಸಲ್ಲುತ್ತದೆ. ಹಂಡೆಗೆ ಕಾಲು ಕಿಲೋ ಸಾಕು. ದಿನಕ್ಕೊಂದು ಹಂಡೆಯಂತೆ 14.2 ಕಿಲೋ ಸಿಲಿಂಡರ್ ಎರಡು ತಿಂಗಳು ಬರುತ್ತದೆ. ಈ ಲೆಕ್ಕವನ್ನು ಅಜ್ಜಿಗೆ ಹೇಳಿ ನೋಡಿ. ತೋಟದಲ್ಲಿ ಸೋಗೆ ಪುಕ್ಕಟೆ ಬೀಳುತ್ತದೆ, ಸಿಲಿಂಡರ್ ಬೀಳುವುದಿಲ್ಲ ಎನ್ನುತ್ತಾರೆ.

ಇಂಧನ ಬದಲಿಸದೆ ಒಲೆಯನ್ನೇ ಬದಲಿಸುವ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಕಂಬಿಜಾಲರಿಯ ಮೇಲೆ ಉರಿದು, ಚಿಮಣಿಯಿಂದ ಹೊಗೆ ಬಿಟ್ಟು, ಕಟ್ಟಿಗೆ ಉಳಿಸಿತು.

ತೊಂದರೆ ನಿವಾರಣೆ: ನೀರು ಕಾದಿಲ್ಲವೇ? ಕಟ್ಟಿಗೆ ಒಣಗಿದೆಯೇ ನೋಡಿ. ನೀರು ಕಾದಿತ್ತು, ಈಗ ಹಂಡೆ ಖಾಲಿಯೇ? ಬೆಂಗಳೂರಿನಿಂದ ಬಂದ ಭಾವನವರು ನಿಮಗಿಂತ ಮೊದಲು ಎದ್ದಿದ್ದಾರೆ. ಇದು ವಾರಂಟಿಯಲ್ಲಿ ಸೇರಿಲ್ಲ.