ಗಗನಶಿಲಾ ವರ್ಣಮೀಮಾಂಸೆ, ಅಥವಾ ಗಜೇಂದ್ರಗಡದ ಸುಣ್ಣದ ಗಡಿಗೆ

ಕ್ಷುದ್ರಗ್ರಹಗಳಿಗೆ ಬಣ್ಣ ಬಳಿಯುವವರು ಯಾರೆಂದು ವಿಶ್ವವಿದ್ಯಾಲಯಗಳು ದಶಕಗಟ್ಟಲೆ ತಲೆ ಕೆಡಿಸಿಕೊಂಡವು. ನಾನು ಗಜೇಂದ್ರಗಡದಲ್ಲಿ ಗಿರಮಿಟ್ಟು, ಮಿರ್ಚಿ ಮುಗಿಯುವುದರೊಳಗೆ ಇತ್ಯರ್ಥ ಮಾಡಿದೆ.

ಪ್ರಮಾಣ, ಕಾಲಕಾಲೇಶ್ವರನ ಗುಡಿ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಸುರಮಂಜಿ ಕಲಸಿ, ಕುಂಚ, ಹುಕ್ಕಾ ಇಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ಗುಡಿಗೆ ತಾನಾಗಿಯೇ ಬಣ್ಣವಾಗಿರುತ್ತದೆಂಬುದು ಇಲ್ಲಿನ ನಂಬಿಕೆ. ಕ್ಷುದ್ರಗ್ರಹದಲ್ಲೂ ಪೇಂಟರ್ ಕಾಣುವುದಿಲ್ಲ, ಪೇಂಟು ಕಾಣುತ್ತದೆ. ಸಾಮ್ಯ ಸಂಪೂರ್ಣ, ಹುಕ್ಕಾ ಒಂದೇ ಸಿಕ್ಕಿಲ್ಲ.

ಪೂರ್ವಪಕ್ಷ ನಮ್ಮ ದೊಡ್ಡವ್ವನದು. ಹಗ್ಗದ ಮೇಲಿನ ಪಟ್ಟೇದಂಚಿನ ಸೀರೆಯ ಮಡಿಕೆ ಬಿಚ್ಚಿದಳು. ಹೊರಗೆ ಮಾಸಲು, ಒಳಗೆ ಅಚ್ಚ ಸಾಸಿವೆ ಬಣ್ಣ. "ಬಿಸಲಿಗೆ ಬಣ್ಣ ಹೋಗತೈತಿ, ಬರತೈತೇನೋ ತಮ್ಮಾ?"

ಬರುತ್ತದೆ. ಸೀರೆಯಲ್ಲಿ ಕಬ್ಬಿಣವಿಲ್ಲ, ಕಲ್ಲಿನಲ್ಲಿದೆ. ಸೂರ್ಯನಿಂದ ಸಿಡಿದ ಹೈಡ್ರೋಜನ್, ಹೀಲಿಯಂ ಕಣಗಳೂ ಉಲ್ಕಾಧೂಳೂ ಬಡಿದು ಬಡಿದು, ಖನಿಜದೊಳಗಿನ ಕಬ್ಬಿಣ ಬಿಡಿಸಿಕೊಂಡು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಪದರದಲ್ಲಿ ನ್ಯಾನೋ ಕಣಗಳಾಗಿ ಕೂರುತ್ತದೆ. ಕಲ್ಲು ಕಪ್ಪೇರಿ ಕೆಂಪಡರುತ್ತದೆ. ಗುಡಿಗೆ ಒಂದು ರಾತ್ರಿಯ ಕೆಲಸ, ಇಲ್ಲಿ ಹತ್ತು ಲಕ್ಷ ವರ್ಷದವರೆಗೂ ಹಿಡಿದೀತು. (ಕಂತ್ರಾಟುದಾರರು ಇದನ್ನು ಪೂರ್ವನಿದರ್ಶನವಾಗಿ ಬಳಸಕೂಡದು.)

1866ರಲ್ಲಿ ಉಡುಪಿಯಲ್ಲಿ ಬಿದ್ದಂಥ ಸಾಮಾನ್ಯ ಕಾಂಡ್ರೈಟ್ ಉಲ್ಕೆಗಳಿಗೂ ಅವುಗಳ ತವರೆನ್ನಲಾದ ಎಸ್ ಮಾದರಿಯ ಕ್ಷುದ್ರಗ್ರಹಗಳಿಗೂ ಬಣ್ಣ ಹೊಂದದೆ, ನೆಂಟಸ್ತನವೇ ಸಂಶಯಕ್ಕೆ ಬಿದ್ದಿತ್ತು. ಜಪಾನಿನ ಹಯಾಬುಸಾ ನೌಕೆ 2010ರಲ್ಲಿ ಇಟೊಕಾವಾ ಎಂಬ ಅಂಥದೇ ಕ್ಷುದ್ರಗ್ರಹದ ಧೂಳು ತಂದಿತು. 2011ರಲ್ಲಿ ಆ ಧೂಳಿನ ಮೈಮೇಲೆ ಕಬ್ಬಿಣದ ನ್ಯಾನೋ ಕಣಗಳು ಸಿಕ್ಕು ತವರುಮನೆ ಖಾತ್ರಿಯಾಯಿತು.

ಇಂಗಾಲ ತುಂಬಿದ ಬೆನ್ನು ಎಂಬ ಕ್ಷುದ್ರಗ್ರಹದಲ್ಲಿ ಮಾತ್ರ ಹೊಸ ಕುಳಿಗಳೇ ಕೆಂಪು, ಹಳೆಯ ನೆಲ ನೀಲಿಯತ್ತ ವಾಲಿದೆ. ವಾದದ ನಡುವೆ ಬೆನ್ನು ತೋರಿಸಿದವರನ್ನು ಶಾಸ್ತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಿದ್ಧಾಂತವನ್ನು ದೊಡ್ಡವ್ವನೇ ಗೊತ್ತಿಲ್ಲದೆ ಪೂರೈಸಿದಳು. ಸೀರೆ ಫಟ್ಟನೆ ಝಾಡಿಸಿದಳು, ಧೂಳು ನನ್ನ ಗಿರಮಿಟ್ಟಿಗೆ ಬಿತ್ತು. ಭೂಮಿಗೆ ತೀರ ಹತ್ತಿರ ಹಾಯುವ ಬಂಡೆಗಳನ್ನೂ ಅದರ ಸೆಳೆತ ಹೀಗೆಯೇ ಅಲುಗಿಸಿ, ಮಾಸದ ಕಲ್ಲನ್ನು ಮೇಲೆ ತರುತ್ತದೆಂದು ವಿಜ್ಞಾನಿಗಳ ತರ್ಕ. ಸುಮಾರು 340 ಮೀಟರಿನ ಅಪೊಫಿಸ್ ಎಂಬ ಕ್ಷುದ್ರಗ್ರಹ ನಮ್ಮ ಗಡಿಯಾರದ ಪ್ರಕಾರ 2029ರ ಏಪ್ರಿಲ್ 14ರ ನಸುಕಿನಲ್ಲಿ, ನೆಲದಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾಯಲಿದೆ. ಆ ರಾತ್ರಿ ಅಮಾವಾಸ್ಯೆ, ಯುಗಾದಿಯ ಹಿಂದಿನ ರಾತ್ರಿಯ ಹಾಗೆಯೇ. ಮನೆಯಲ್ಲಿ ಹುಕ್ಕಾ ಇದ್ದವರು ದಯವಿಟ್ಟು ತಿಳಿಸಬೇಕು.