ಮಿಕ್ಕ ಬಣ್ಣದ ಗಲ್ಲಾಪೆಟ್ಟಿಗೆ

ನಮ್ಮ ಕಡೆ ಕುರ್ಚಿಗೆಂದು ಯಾರೂ ಬಣ್ಣ ತರುವುದಿಲ್ಲ. ತರುವುದು ಗೇಟಿಗೆ, ಕಿಟಕಿ ಸರಳಿಗೆ, ಟ್ರ್ಯಾಕ್ಟರ್ ಟ್ರೇಲರಿಗೆ, ಸಂಕ್ರಾಂತಿ ಬಂದರೆ ಎತ್ತಿನ ಕೊಂಬಿಗೆ. ಕೆಲಸ ಮುಗಿದ ಮೇಲೆ ಡಬ್ಬದ ತಳದಲ್ಲಿ ನಾಲ್ಕು ಬೆರಳು ಬಣ್ಣ ಉಳಿದಿರುತ್ತದೆ. ಕಾಸು ಕೊಟ್ಟು ತಂದದ್ದು ಒಣಗಿಹೋಗುತ್ತದಲ್ಲ ಎಂದು ಮನೆ ಯಜಮಾನರ ಹೊಟ್ಟೆ ಚುರುಕ್ಕೆನ್ನುತ್ತದೆ. ಬ್ರಷ್ ಹಿಡಿದು ಸುತ್ತ ಕಣ್ಣಾಡಿಸುತ್ತಾರೆ. ಎದ್ದು ಓಡಲಾರದ್ದು ಯಾವುದು ಕಣ್ಣಿಗೆ ಬಿತ್ತೋ ಅದಕ್ಕೆ ಆವತ್ತು ಬಣ್ಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಯಾವ ತೋಟದ ಮನೆಗಾದರೂ ಹೋಗಿ ನೋಡಿ. ಆಕಾಶನೀಲಿ ಮಣೆ, ಬೆಳ್ಳಿ ಬಣ್ಣದ ಸ್ಟೂಲು, ಎತ್ತಿನ ಕೊಂಬಿನ ಕೆಂಪು ಬಳಿಸಿಕೊಂಡ ಮಂಚದ ಕಾಲು, ಇವುಗಳಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ.

ಇನ್ನು ಹಳೇ ಸಾಮಾನು ಮನೆಯಲ್ಲಿರಬೇಕೋ ಹೋಗಬೇಕೋ ಎಂಬುದು ತೀರ್ಮಾನವಾಗುವುದು ತಿಪಟೂರಿನ ಎಪಿಎಂಸಿಯಲ್ಲಿ. ಉಂಡೆ ಕೊಬ್ಬರಿಗೆ ಬೆಲೆ ಇದ್ದರೆ ಸೋಫಾ, ಇಲ್ಲದಿದ್ದರೆ ಪೇಂಟು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಎಂದು ಸರ್ಕಾರ ಹೇಳುತ್ತಿತ್ತು, ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಮಲಗಿತ್ತು. ಆ ವರ್ಷ ಊರೆಲ್ಲ ಹಳೇ ಮಂಚಕ್ಕೇ ಒಂದು ಕೋಟ್ ಹೊಡೆದು ಸುಮ್ಮನಾಯಿತು. 2025ರಲ್ಲಿ ಬೆಲೆ 20,000 ದಾಟಿದ್ದೇ ತಡ, ತಾತನ ಆರಾಮ ಕುರ್ಚಿ ಮೊದಲು ಕೊಟ್ಟಿಗೆಗೆ, ಅಲ್ಲಿಂದ ಗುಜರಿಗೆ ಹೊರಟಿತು. ಹಳೇ ಸಾಮಾನು ಕೊಳ್ಳುವ ಹುಚ್ಚಿರುವವರು ಪೇಪರಿನಲ್ಲಿ ಕೊಬ್ಬರಿ ದರ ನೋಡಿಕೊಂಡು ಮನೆ ಬಿಡಬೇಕೆಂಬುದು ನನ್ನ ಸಿದ್ಧಾಂತ. ಪಾಲಿಸಿದರೆ ಲಾಭವಿದೆ.

ನಾನು ಪಾಲಿಸಲಿಲ್ಲ. ಬೆಲೆ ಬಿದ್ದಿದ್ದ ಆ ವರ್ಷವೇ ತಿಪಟೂರಿನ ಗುಜರಿಯೊಂದರಲ್ಲಿ ಗಲ್ಲಾಪೆಟ್ಟಿಗೆ ಕಂಡಿತು. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಯಾವುದೋ ಕೊಬ್ಬರಿ ಮಂಡಿಯವರು ಸಾಗಹಾಕಿದ್ದು. ಗಾದಿ ಹಾಸಿ ನೆಲದ ಮೇಲೆ ಕೂತವರ ಎದೆಮಟ್ಟಕ್ಕೆ ಬರುವ ಎತ್ತರ, ಬರೆಯಲು ಅನುಕೂಲವಾಗುವಂತೆ ಇಳಿಜಾರು ಮುಚ್ಚಳ, ಮುಚ್ಚಳದ ಮೇಲ್ಭಾಗದಲ್ಲಿ ಕಾಸು ಜಾರಿಸುವ ಸೀಳು, ಒಳಗೆ ಚಿಲ್ಲರೆಗೆಂದು ಮರದಲ್ಲೇ ಕೊರೆದ ಗುಳಿಗಳು. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಮೂಟೆ ಲೆಕ್ಕ, ಕನ್ನಡ ಅಂಕಿಗಳಲ್ಲಿ. ಒಂದು ಕೂಡುವ ಲೆಕ್ಕ ಎರಡು ಸಲ ಹೊಡೆದು ಹಾಕಿ ಮೂರನೇ ಸಲ ಸರಿಯಾಗಿತ್ತು. ಮೇಲೆ ಮಾತ್ರ ಮೊನ್ನೆ ಮೊನ್ನೆ ಬಳಿದ ಕಾಫಿಪುಡಿ ಬಣ್ಣ ಪಳಪಳ ಎನ್ನುತ್ತಿತ್ತು. ‘ಪೇಂಟ್ ಹೊಡ್ದು ಹೊಸದು ಮಾಡಿದೀನಿ ಮೇಡಂ’ ಎಂದು ಮಾರುವವನು ಅದಕ್ಕೂ ಸೇರಿಸಿ ಬೆಲೆ ಹೇಳಿದ. ಆ ಬಣ್ಣ ತೆಗೆಯಲಿಕ್ಕೆ ನನಗಾದ ಖರ್ಚನ್ನು ಅವನಿಗೆ ಹೇಳಿದರೆ ನಗುತ್ತಾನೆ.

ಆಟೋದಿಂದ ಇಳಿಸುವಾಗಲೇ ಅತ್ತೆ ಜಗಲಿಯ ಮೇಲಿದ್ದರು. ‘ಯಾಕವ್ವಾ, ಮನೇಲಿರೋ ಹಳೇದು ಸಾಲ್ದು ಅಂತ ಊರೋರ್ದೂ ತಂದ್ಯಾ?’

ಯಜಮಾನರು ಮುಚ್ಚಳ ಎತ್ತಿ ನೋಡಿ, ‘ದುಡ್ಡಿಡೋ ಪೆಟ್ಟಿಗೆ ತಂದಿದೀಯ, ಸರಿ. ದುಡ್ಡು?’ ಎಂದರು.

ಹಳೇ ಬಣ್ಣ ತೆಗೆಯುವುದು ಕೇಳುವುದಕ್ಕೆ ಸುಲಭ. ಪೇಂಟ್ ರಿಮೂವರ್ ಬಳಿದು ಕೂತರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ, ಪಟ್ಟಿಯಲ್ಲಿ ಕೆರೆದು ತೆಗೆಯಬೇಕು. ಕೆರೆದಂತೆಲ್ಲ ಪೆಟ್ಟಿಗೆ ತನ್ನ ಜಾತಕ ಬಿಚ್ಚತೊಡಗಿತು. ಕಾಫಿಪುಡಿಯ ಕೆಳಗೆ ಆಕಾಶನೀಲಿ, ಅದರ ಕೆಳಗೆ ಗೇಟಿನ ಬೆಳ್ಳಿ, ಅದಕ್ಕೂ ಕೆಳಗೆ ಮಳಿಗೆ ಬಾಗಿಲಿನ ಹಸಿರು. ಒಂದೊಂದೂ ಯಾವುದೋ ಡಬ್ಬದ ತಳ. ಸಾಹುಕಾರರ ಮಂಡಿಯಲ್ಲೂ ಪೆಟ್ಟಿಗೆಗೆಂದೇ ಬಣ್ಣ ತಂದಿರಲಿಲ್ಲವೆಂದು ತಿಳಿದು ಮನಸ್ಸಿಗೆ ನೆಮ್ಮದಿಯಾಯಿತು.

ಇಲ್ಲಿ ನಗುವನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದು ಮಾತು. ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಯಾವ ಬಣ್ಣವನ್ನೂ ನಂಬಬೇಡಿ. ಒಣಗಿದ್ದನ್ನು ಹಾಗೇ ಉಜ್ಜಿದರೆ ಧೂಳು ನಿಮ್ಮ ಮೂಗಿಗೆ, ಮಕ್ಕಳ ಕೈಗೆ, ಅಂಗಳದ ಕೋಳಿಯ ಹೊಟ್ಟೆಗೆ. ನೀರು ತಾಕಿಸಿ ಉಜ್ಜುವ ಉಪ್ಪುಕಾಗದ ತನ್ನಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮಾಸ್ಕ್ ಹಾಕಿಕೊಳ್ಳಿ. ಕೆರೆದದ್ದನ್ನು ಒಲೆಗೂ ತಿಪ್ಪೆಗೂ ಹಾಕಬೇಡಿ. ತಿಪ್ಪೆ ನಾಳೆ ತೆಂಗಿನ ಬುಡಕ್ಕೆ ಹೋಗುತ್ತದೆ.

ಬಣ್ಣ ಬಿಡುತ್ತಿದ್ದಂತೆ ಮರ ಯಾವುದೆಂಬ ಚರ್ಚೆ ಹುಟ್ಟಿತು. ಬೀಟೆ ಎಂದರು ಯಜಮಾನರು. ತೇಗ ಎಂದ ಮೈದುನ. ಎದುರು ಮನೆಯವರು ಶ್ರೀಗಂಧದವರೆಗೂ ಹೋಗಿ ಬಂದರು. ಕಡೆಗೆ ಚಿಕ್ಕನಾಯಕನಹಳ್ಳಿ ಕಡೆಯ ಆಚಾರ್ರನ್ನು ಕರೆಸಿದೆವು. ಅವರು ಉಗುರಿನಲ್ಲಿ ಗೀರಿ, ಮೂಸಿ, ಮೂಲೆಯೊಂದನ್ನು ಬೆರಳ ಗಂಟಿನಿಂದ ಬಡಿದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: ‘ಬೀಟೆ ಅಂತ ಆಸೆ ಇಟ್ಕೊಂಡಿದ್ರಾ ಅಮ್ಮಾ? ಹಲಸು. ತಳದ ಹಲಗೆ ಮಾವು. ಮಾವು ಹಾಕಿರೋನು ನಮ್ಮೋನಲ್ಲ ಬಿಡಿ.’

ಹಲಸೆಂದರೆ ಏನು ಕಡಿಮೆ? ಕೊಯ್ದಾಗ ಅರಿಸಿನದ ಬಣ್ಣ, ವರ್ಷ ಕಳೆದಂತೆ ಜೇನಿನ ಕಡೆಗೆ, ಆಮೇಲೆ ಕಂದಿನ ಕಡೆಗೆ ತಿರುಗುತ್ತದೆ. ಬಣ್ಣದಡಿ ಬಚ್ಚಿಟ್ಟುಕೊಂಡಿದ್ದ ಆ ಕಂದನ್ನು ಕಂಡಾಗಲೇ ಇದಕ್ಕಿನ್ನು ಪೇಂಟ್ ಇಲ್ಲ, ಅರಗಿನ ಪಾಲಿಶ್ ಒಂದೇ ಎಂದು ನಿಶ್ಚಯಿಸಿದೆ. ಆದರೆ ಮುಚ್ಚಳದ ಕೆಳ ಅಂಚಿನಲ್ಲಿ ಗೇಣಗಲದ ಒಂದು ಜಾಗ ಇತ್ತು. ಅಲ್ಲಿ ಯಾವ ಬಣ್ಣವೂ ನಿಂತಿರಲಿಲ್ಲ. ಲೆಕ್ಕ ಬರೆಯುವವರ ಮುಂಗೈ ಊರುವ ಜಾಗ ಅದು. ಕೊಬ್ಬರಿ ಮುಟ್ಟಿದ ಕೈಯ ಜಿಡ್ಡು ಅಷ್ಟು ಕಾಲ ಉಜ್ಜಿ ಉಜ್ಜಿ ಮರ ಅಲ್ಲಿ ಮಾತ್ರ ನುಣ್ಣಗೆ, ಕಪ್ಪಗೆ ಮಿರುಗುತ್ತಿತ್ತು. ಅತ್ತೆಯ ಕಣ್ಣಿಗೆ ಅದು ಬಿದ್ದದ್ದೇ ಕಷ್ಟಕ್ಕಿಟ್ಟುಕೊಂಡಿತು.

‘ನೋಡು, ನಮ್ಮೆಣ್ಣೆ ಬಿದ್ದ ಕಡೆ ಹೆಂಗೆ ಹೊಳೀತದೆ. ನೀನು ಸ್ಪಿರಿಟ್ಟು ಅದೂ ಇದೂ ಅಂತ ಕುಣೀತೀಯ.’

ನಮ್ಮತ್ತೆಯ ವೈದ್ಯಶಾಸ್ತ್ರದಲ್ಲಿ ಔಷಧ ಒಂದೇ. ತಲೆನೋವು, ಸೊಂಟನೋವು, ಬಾಗಿಲ ಕೀಲು, ಮಗುವಿನ ಬೆನ್ನು, ಹೊಲಿಗೆ ಯಂತ್ರ, ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಮಾರನೇ ದಿನ ನಾನು ಸ್ಕೂಲಿಗೆ ಹೋದ ಹೊತ್ತು ನೋಡಿ ಪೆಟ್ಟಿಗೆಗೆ ಅಭ್ಯಂಜನವಾಯಿತು. ಗಾಣದಲ್ಲಿ ಆಡಿಸಿದ ಎಣ್ಣೆ, ಧಾರಾಳವಾಗಿ, ಒಳಗೂ ಹೊರಗೂ. ಸಂಜೆ ಬಂದು ನೋಡಿದರೆ ನಿಜಕ್ಕೂ ಹೊಳೆಯುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅದು ಧನುರ್ಮಾಸ. ಬೆಳಗಾಗುವಷ್ಟರಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ಪೆಟ್ಟಿಗೆಗೆ ಮೈಯೆಲ್ಲ ತೊನ್ನು ಹತ್ತಿದಂತಾಗಿತ್ತು. ಬಿಸಿಲೇರಿದ ಮೇಲೆ ಕರಗಿತು. ಕರಗಿದ ಮೇಲೆ ಧೂಳು ಬಂತು, ಧೂಳಿನ ಹಿಂದೆ ಇರುವೆ, ಇರುವೆಯ ಹಿಂದೆ ಹಲ್ಲಿ.

ಕಾರಣ ಇಷ್ಟೆ. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಮೆಲ್ಲಗೆ ಗಟ್ಟಿಯಾಗಿ ಪೊರೆ ಕಟ್ಟುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಪಾಲು ಸಂತೃಪ್ತ ಕೊಬ್ಬು. ಆಮ್ಲಜನಕ ಬೇಡ ಎನ್ನುವ ತೃಪ್ತ ಜೀವ ಅದು. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟೀತು, ಮೇಲೆ ಕರಗೀತು, ಒಣಗುವುದು ಮಾತ್ರ ಅದರ ಜಾತಕದಲ್ಲಿಲ್ಲ. ತಲೆಗೆ ಒಳ್ಳೆಯದಾಗಿರುವುದೂ ಅದಕ್ಕೇ. ಕಲ್ಪವೃಕ್ಷದ ಕೈಲಾಗದ ಕೆಲಸವೂ ಒಂದಿದೆ ಎಂದು ಕಲ್ಪತರು ನಾಡಿನಲ್ಲಿ ನಿಂತು ಹೇಳುವುದಕ್ಕೆ ಗುಂಡಿಗೆ ಬೇಕು. ಹೇಳಿದೆ. ಅತ್ತೆ ಎರಡು ಹೊತ್ತು ಮಾತು ಬಿಟ್ಟರು.

ಯಜಮಾನರು ತುರುವೇಕೆರೆಯವರು. ಸಂಧಾನಕ್ಕೆಂದು ತಮ್ಮೂರ ಗಂಗಾಧರೇಶ್ವರ ದೇವಸ್ಥಾನದ ಕರೀಕಲ್ಲಿನ ಬಸವಣ್ಣನನ್ನು ಎಳೆತಂದರು. ‘ಹೊಳಪು ಅಂದ್ರೆ ನಮ್ ಬಸವಣ್ಣನ್ದು ಕಣಮ್ಮ. ಬರೀ ಕಲ್ಲನ್ನ ಉಜ್ಜಿ ಉಜ್ಜಿ ತಂದಿರೋ ಹೊಳಪು, ಇವತ್ತಿಗೂ ಮುಖ ಕಾಣ್ತದೆ.’

‘ಉಜ್ಜಿದ್ಮೇಲೆ ಒಂದ್ಸಲ ಎಣ್ಣೆ ಹಚ್ಚಿರ್ತಾರೆ ಬಿಡು’ ಎಂದರು ಅತ್ತೆ.

ಎಣ್ಣೆಯ ಜಿಡ್ಡೆಲ್ಲ ಸ್ಪಿರಿಟ್ ಹಾಕಿ ಒರೆಸಿ ತೆಗೆದ ಮೇಲೆ ಹೊಸದಾಗಿ ಉಜ್ಜಾಟ. 80ರ ಉಪ್ಪುಕಾಗದದಲ್ಲಿ ಶುರುಮಾಡಿ, 120ಕ್ಕೆ ಬಂದು, 220ರಲ್ಲಿ ಮುಗಿಸಬೇಕು. ಮರದ ಎಳೆ ಹೋದ ದಿಕ್ಕಿಗೇ ಕೈ ಹೋಗಬೇಕು. ಬಿರುಕಿಗೆ ಅದೇ ಮರದ ಹೊಟ್ಟನ್ನು ಗೋಂದಿನಲ್ಲಿ ಕಲಸಿ ತುಂಬಿದೆ. ಪೇಂಟಿನವರು ಹಾಕುವ ಬಿಳಿ ಲಪ್ಪ ಪಾಲಿಶ್‌ನಡಿ ಕಲೆಯಾಗಿ ಕಾಣುತ್ತದೆ. ಮುಚ್ಚಳದ ಒಳಮೈ ಮುಟ್ಟಲಿಲ್ಲ. ಲೆಕ್ಕ ಯಾರದೋ, ಅಳಿಸುವುದಕ್ಕೆ ನಾನ್ಯಾರು?

ಪಾಲಿಶ್‌ಗೆ ಬೇಕಾದದ್ದು ಚಪಡಾ. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗೆ ಅಂಟಿ ಕೂತ ಸಣ್ಣ ಹುಳುಗಳು ಸುರಿಸುವ ಅರಗನ್ನು ಕರಗಿಸಿ, ಸೋಸಿ, ಹಪ್ಪಳದ ಚೂರಿನ ಹಾಗೆ ಮಾಡಿ ಮಾರುತ್ತಾರೆ. ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವುದೂ ಇದೇ ಅರಗು. ಅವರು ಸ್ಪಿರಿಟ್ ಗೊಡವೆಗೆ ಹೋಗದೆ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಯಲ್ಲೇ ಕರಗಿಸುತ್ತಾರೆ.

ಪಾಲಿಶ್ ಹಾಕಿಕೊಳ್ಳುವ ಪಾತ್ರೆಯ ಪ್ರಶ್ನೆ ಬಂದಾಗ ಅತ್ತೆಯ ಪಕ್ಷಕ್ಕೆ ಕಡೆಗೂ ಗೆಲುವಾಯಿತು: ತೆಂಗಿನ ಚಿಪ್ಪು. ಸ್ಪಿರಿಟ್‌ಗೆ ಜಗ್ಗುವುದಿಲ್ಲ, ಅಂಗೈಯಲ್ಲಿ ಕೂರುತ್ತದೆ, ತೊಳೆಯುವ ತಾಪತ್ರಯವಿಲ್ಲ. ಕಣ್ಣಿರುವ ಅರ್ಧ ಮಾತ್ರ ಬೇಡ. ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ, ಅಲ್ಲಿಂದ ಪಾಲಿಶ್ ಸದ್ದಿಲ್ಲದೆ ಇಳಿದು ಸೀರೆ ಸೇರುತ್ತದೆ. ಹತ್ತಿಯನ್ನು ಹಳೇ ಪಂಚೆಯ ಚೂರಿನಲ್ಲಿ ಸುತ್ತಿ ಉಂಡೆ ಮಾಡಿ, ಅದ್ದಿ, ಹಿಂಡಿ, ಎಳೆಯುದ್ದಕ್ಕೂ ಒಂದೇ ಎಳೆತ. ನಡುವೆ ಕೈ ನಿಲ್ಲಿಸಿದರೆ ಉಂಡೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಫೋನ್ ಬರುವುದು ಸರಿಯಾಗಿ ಆಗಲೇ. ಒಂದು ಕೋಟ್ ಒಣಗಲು ಹೆಚ್ಚು ಹೊತ್ತು ಬೇಡ. ಸವರಿ ಉಜ್ಜಿ ಮತ್ತೊಂದು, ಮಗದೊಂದು. ಮೋಡ ಕವಿದ ದಿನ ಮಾಡಬೇಡಿ, ಗಾಳಿಯ ತೇವ ಹಿಡಿದು ಬೂದು ಬೂದಾಗುತ್ತದೆ.

ಈ ಕೆಲಸ ಎಲೆಕ್ಷನ್‌ವರೆಗೂ ಎಳೆಯಿತು. 2024ರ ಏಪ್ರಿಲ್ 26ರಂದು ನಮ್ಮ ತುಮಕೂರು ಕ್ಷೇತ್ರದ ಮತದಾನ. ಬಣ್ಣಕ್ಕೆಂದು ಪಾಲಿಶ್‌ಗೆ ಕಾವಿ ಬೆರೆಸಿದ್ದರಿಂದ ನನ್ನ ಹತ್ತು ಬೆರಳೂ ಕಂದು. ಶಾಯಿ ಹಾಕುವ ಅಧಿಕಾರಿ ಬೆರಳು ಹಿಡಿದುಕೊಂಡು ಅನುಮಾನದಿಂದ ನೋಡಿದರು.

‘ಏನ್ ಮೇಡಂ ಇದು?’

‘ಪಾಲಿಶ್ ಸಾರ್. ಗಲ್ಲಾಪೆಟ್ಟಿಗೆದು.’

‘ಎಲೆಕ್ಷನ್ ಟೈಮಲ್ಲಿ ಗಲ್ಲಾಪೆಟ್ಟಿಗೆ ಅಂತ ಜೋರಾಗಿ ಹೇಳ್ಬೇಡಿ’ ಎಂದು ಬಟ್ಟೆಯಲ್ಲಿ ಗಸಗಸ ಒರೆಸಿ ಗೀಟು ಎಳೆದರು.

ಆ ಶಾಯಿ ಬರುವುದು ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂದು ಅರಗು ಮತ್ತು ಬಣ್ಣಕ್ಕಾಗಿ ಶುರುವಾದ ಕಾರ್ಖಾನೆ ಅದು. ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಅದರದೇ ಶಾಯಿ. ಕಾರ್ಖಾನೆಯ ಹಳೇ ಕಸುಬು, ಹೊಸ ಕಸುಬು ಎರಡೂ ಆ ದಿನ ನನ್ನ ಒಂದೇ ಬೆರಳಿನ ಮೇಲಿದ್ದವು. ಮೊದಲು ಅಳಿಸಿದ್ದು ಪಾಲಿಶ್.

ಇತ್ತ ಹುಳಿಯಾರು ಕಡೆಗೆ ಕೊಟ್ಟಿರುವ ನಾದಿನಿ ಬೇರೆಯೇ ಪಂಥ ಹಿಡಿದಿದ್ದಾಳೆ. ಅವಳದು ಚಾಕ್ ಪೇಂಟ್. ಆನಿ ಸ್ಲೋನ್ ಎಂಬ ಇಂಗ್ಲೆಂಡಿನ ಹೆಂಗಸು 1990ರಲ್ಲಿ ಹೊರತಂದ ಬಣ್ಣವಂತೆ, ಉಜ್ಜುವುದೂ ಬೇಡ, ಪ್ರೈಮರೂ ಬೇಡ, ಹಾಗೇ ಬಳಿಯಬಹುದು. ಬಳಿದ ಮೇಲೆ ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಲ್ಲಲ್ಲಿ ಬಣ್ಣ ಹಾರಿದ ಹಾಗೆ ಮಾಡಬೇಕು. ನಾದಿನಿ ಇದನ್ನೆಲ್ಲ ಒಂದು ಸ್ಟೂಲಿನ ಮೇಲೆ ಮಾಡಿ ತಂದು ತೋರಿಸಿದಾಗ ಅತ್ತೆ ಅದನ್ನು ಬೆರಳಿನಿಂದ ಸವರಿ, ‘ಇದು ಸುಣ್ಣ ಅಲ್ವೇನೇ?’ ಎಂದರು. ಆಮೇಲೆ, ‘ಹೊಸಾ ಬಣ್ಣ ಬಳ್ದು, ಅದನ್ನ ಕೆರ್ದು ಹಳೇದು ಮಾಡ್ತೀಯಾ? ನಮ್ಮನೇ ಸ್ಟೂಲು ತಾನೇ ಹಂಗಾಗಿತ್ತಲ್ಲೇ, ಅದನ್ನ ಯಾಕೆ ಗುಜರಿಗೆ ಹಾಕಿದ್ರಿ?’ ನಮ್ಮ ಬಳಿ ಉತ್ತರವಿರಲಿಲ್ಲ.

ನನ್ನ ಪಕ್ಷದಲ್ಲೂ ಕೊರತೆಯಿದೆ. ಅರಗಿನ ಪಾಲಿಶ್ ನೋಡಲು ಎಷ್ಟು ಚೆನ್ನವೋ ತಡೆಯಲು ಅಷ್ಟೇ ಮೆತ್ತಗೆ. ಬಿಸಿ ಕಾಫಿ ಲೋಟ ಇಟ್ಟರೆ ಬೆಳ್ಳನೆ ಬಳೆ ಮೂಡುತ್ತದೆ, ಆ ಬಳೆ ಸುಲಭಕ್ಕೆ ಹೋಗುವುದಿಲ್ಲ. ಊಟದ ಮೇಜಿಗಾದರೆ ಪಿಯು ಪಾಲಿಶ್ ಹಾಕಿಸಿಬಿಡಿ, ಮನೆಯಲ್ಲಿ ಶಾಂತಿ ಇರುತ್ತದೆ. ಗಲ್ಲಾಪೆಟ್ಟಿಗೆಗೆ ಆ ಭಯವಿಲ್ಲ. ಮುಚ್ಚಳ ಇಳಿಜಾರು, ಲೋಟ ಇಟ್ಟವರ ಮಡಿಲಿಗೇ ವಾಪಸು ಬರುತ್ತದೆ. ಬಂದದ್ದನ್ನು ನೋಡಿದ್ದೇನೆ.

ತಿಪಟೂರು ಸೀಮೆಯ ಮಂಡಿಯವರಲ್ಲಿ, ಅಟ್ಟದ ಮೇಲೆ ಕೊಬ್ಬರಿಯ ಪಕ್ಕ ಹಳೇ ಮೇಜು ಪೆಟ್ಟಿಗೆ ಇಟ್ಟುಕೊಂಡಿರುವ ತೋಟದವರಲ್ಲಿ, ಗುಜರಿ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ: ಮಾರುವುದಾದರೆ ಹೇಗಿದೆಯೋ ಹಾಗೇ ಮಾರಿ. ದಯವಿಟ್ಟು ಪೇಂಟ್ ಹೊಡೆಯಬೇಡಿ. ಡಬ್ಬದಲ್ಲಿ ಮಿಕ್ಕಿದ್ದರೆ ಗೇಟಿಗೇ ಇನ್ನೊಂದು ಕೋಟ್ ಹೊಡೆಯಿರಿ.