ಜನ-ನಿರ್ವಹಣಾ ಶಾಸ್ತ್ರ: ಒಂದು ಸಿಂಗಟಾಲೂರು ಸಿದ್ಧಾಂತ

1. ಸಮಸ್ಯೆಯ ನಿರೂಪಣೆ

ನಾಲ್ಕು ಜನ ಕೂಡಿ ಕೆಲಸ ಮಾಡುವುದು (ಇನ್ನು ಮುಂದೆ 'ಸದರಿ ಪ್ರಕ್ರಿಯೆ') ಅಂತರ್‌ವೈಯಕ್ತಿಕ ಸಮನ್ವಯಾತ್ಮಕ ಸಂವಹನಶೀಲತೆಯ ಬಹುಸ್ತರೀಯ ಅಭಿವ್ಯಕ್ತಿ ಎಂದು ತಜ್ಞರು ಹೇಳುತ್ತಾರೆ. ಹಾಗಂದರೇನು ಎಂದು ಕೇಳಿದವರನ್ನು ಮುಂದಿನ ತರಬೇತಿಗೆ ಕರೆಯುತ್ತಾರೆ. ಪ್ರಸ್ತುತ ಪ್ರಬಂಧ ಅಂಥದೊಂದು ತರಬೇತಿಯ ಫಲ. ಮುಂಡರಗಿ ಸೀಮೆಯ ನಮ್ಮಂಥವರನ್ನೆಲ್ಲ ಒಂದು ಸಭಾಭವನದಲ್ಲಿ ಕೂರಿಸಿ, ಬೆಂಗಳೂರಿನಿಂದ ಬಂದ ಸಂಪನ್ಮೂಲ ವ್ಯಕ್ತಿಗಳು ಕೈಗೊಂದು ಬಲೂನು ಕೊಟ್ಟು, 'ನಿಮ್ಮ ಅಹಂಕಾರವನ್ನು ಇದರೊಳಗೆ ಊದಿ' ಎಂದರು. ಊದಿದೆವು. 'ಈಗ ಪಕ್ಕದವರನ್ನು ನೋಡಿ ಮನಸಾರೆ ನಗಿ' ಎಂದರು. ನನ್ನ ಪಕ್ಕ ಕೂತವನು ಬದುವಿನ ತಂಟೆಯಲ್ಲಿ ನಮ್ಮ ಮೇಲೆ ದಾವೆ ಹೂಡಿದ ದೊಡ್ಡಪ್ಪನ ಮಗ. ಇಬ್ಬರೂ ನಕ್ಕೆವು. ದಾವೆ ನಡೆದೇ ಇದೆ.

ಅಷ್ಟೊತ್ತಿಗೆ ಪರದೆಯ ಮೇಲೆ 'ಜೊತೆಗೆ ದುಡಿಯುವವರನ್ನು ಹೆಸರು ಹಿಡಿದು, ಗೌರವದಿಂದ ಕರೆಯಿರಿ' ಎಂಬ ಸೂತ್ರ ಮೂಡಿತ್ತು. ಅದನ್ನು ಓದಿ ಮುಗಿಸಿದ ಸಂಪನ್ಮೂಲ ವ್ಯಕ್ತಿಗಳು ಬಾಗಿಲ ಕಡೆ ಚಿಟಿಕೆ ಹೊಡೆದು 'ಏಯ್, ಚಹಾ!' ಎಂದರು. ತಟ್ಟೆ ಹಿಡಿದು ಒಳಗೆ ಬಂದಾತ ಅವರ ತಂದೆಯ ವಯಸ್ಸಿನವನು.

2. ವರ್ಗೀಕರಣ

ಸದರಿ ಪ್ರಕ್ರಿಯೆಯನ್ನು ಮೇಲಿನಿಂದ ನಿಯಂತ್ರಿಸುವ ಜೀವಿಗೆ 'ಸಾಹೇಬ' ಎಂದು ಹೆಸರು. ಇದರಲ್ಲಿ ಒಂಬತ್ತು ಪ್ರಭೇದಗಳನ್ನು ಗುರುತಿಸಲಾಗಿದೆ.

(ಅ) ಚಹಾಪೂರ್ವ ಸಾಹೇಬ: ಬೆಳಿಗ್ಗೆ ಹನ್ನೊಂದರೊಳಗೆ ಇವರ ಎದುರು ಯಾವ ಕಡತವೂ ಸುಳಿಯಬಾರದು. ಹನ್ನೊಂದರ ನಂತರ ಇವರೇ ಚಹೋತ್ತರ ಸಾಹೇಬರಾಗಿ ರೂಪಾಂತರ ಹೊಂದುತ್ತಾರೆ.

(ಆ) ಕುಟುಂಬವಾದಿ ಸಾಹೇಬ: 'ನಾವೆಲ್ಲ ಒಂದೇ ಮನೆಯವರು' ಎಂಬುದು ಇವರ ಮಹಾವಾಕ್ಯ. ರವಿವಾರ ಕೆಲಸಕ್ಕೆ ಕರೆಯುವಾಗ ಮನೆಯವರು. ಪಗಾರ ಕೇಳಿದಾಗ ಯಾವ ಮನೆ, ಯಾರ ಮನೆ?

(ಇ) ಮುಕ್ತದ್ವಾರ ಸಾಹೇಬ: 'ನನ್ನ ಬಾಗಿಲು ಸದಾ ತೆರೆದಿರುತ್ತದೆ' ಎನ್ನುತ್ತಾರೆ. ತೆರೆದೇ ಇರುತ್ತದೆ, ಒಳಗೆ ಸಾಹೇಬರು ಇರುವುದಿಲ್ಲ.

(ಈ)ಯಿಂದ (ಏ)ವರೆಗಿನವು ಬರೆಯುತ್ತಾ ಹೋದಂತೆ ಒಬ್ಬರೇ ಎಂದು ತಿಳಿದುಬಂದದ್ದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

3. ಐತಿಹಾಸಿಕ ಸಾಕ್ಷ್ಯ

ನೌಕರನ ಅಸಮಾಧಾನವನ್ನು ಸಕಾಲದಲ್ಲಿ ಆಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಉತ್ತಮ ನಿದರ್ಶನವಿದೆ. ಕಂಪನಿ ಸರ್ಕಾರದ ಚಾಕರಿಯಲ್ಲಿದ್ದ ಮುಂಡರಗಿ ಭೀಮರಾಯರು 1858ರಲ್ಲಿ ಡಂಬಳದ ಖಜಾನೆಗೆ ಕೈಹಾಕಿ, ಕೊಪ್ಪಳದ ಕೋಟೆ ಹಿಡಿದು, ಕಾದಾಡಿ ಅಲ್ಲೇ ಮಡಿದರು. ಇಂದಿನ ಪರಿಭಾಷೆಯಲ್ಲಿ ಇದನ್ನು 'ನಿರ್ಗಮನ ಸಂದರ್ಶನ' ಎನ್ನಬಹುದು.

ಜನ ತಾವಾಗಿಯೇ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ಗದಗ ತಾಲ್ಲೂಕಿನ ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆ ಹಳ್ಳಿಯವರು ಸಂಘ ಕಟ್ಟಿದರು. ಅದೇ ದೇಶದ ಸಹಕಾರಿ ಚಳವಳಿಯ ಮೊದಲ ಸಂಘವೆಂದು ಹೆಸರಾಯಿತು. ಸಾಹುಕಾರನ ಬಡ್ಡಿಗೆ ಬೆನ್ನು ಬಾಗಿದ್ದ ಒಕ್ಕಲಿಗರು ಒಬ್ಬರ ಸಾಲಕ್ಕೆ ಇನ್ನೊಬ್ಬರು ಭುಜ ಕೊಡುವುದೆಂದರೆ ಸಣ್ಣ ಮಾತಲ್ಲ. ಅವರು ಬಲೂನು ಊದಿದ ಬಗ್ಗೆ ದಾಖಲೆ ಸಿಕ್ಕಿಲ್ಲ.

4. ಸಿಂಗಟಾಲೂರು ಸಿದ್ಧಾಂತ

ತುಂಗಭದ್ರೆಯ ದಂಡಿಗೆ ವೀರಭದ್ರೇಶ್ವರನ ಗುಡಿಯಿರುವ ನಮ್ಮ ಸಿಂಗಟಾಲೂರಿನ ಹೆಸರು ನಾಡಿಗೆಲ್ಲ ಗೊತ್ತಾದದ್ದು ಏತ ನೀರಾವರಿ ಯೋಜನೆಯಿಂದ. ಆದರೆ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಸಿಂಗಟಾಲೂರಿನಲ್ಲಿಲ್ಲ, ಹಮ್ಮಿಗಿಯಲ್ಲಿದೆ. ನೀರು ಎತ್ತಿ ಹರಿಸಬೇಕಾದದ್ದು ಎಡಕ್ಕೆ ಗದಗ, ಕೊಪ್ಪಳದ ಕಡೆ, ಬಲಕ್ಕೆ ಹೂವಿನಹಡಗಲಿಯ ಕಡೆ. ಹಿನ್ನೀರಿಗೆ ಸಿಕ್ಕದ್ದು ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರ.

ಇದರಿಂದ ಹೊರಡುವ ಪ್ರಮೇಯ: ಯಾವುದೇ ಸಾಮೂಹಿಕ ಕಾರ್ಯದಲ್ಲಿ ಹೆಸರು ಒಬ್ಬರಿಗೆ, ಭಾರ ಇನ್ನೊಬ್ಬರಿಗೆ, ಲಾಭ ಮತ್ತೊಬ್ಬರಿಗೆ, ಮುಳುಗಡೆ ಮಗದೊಬ್ಬರಿಗೆ. ಇದು ಕಚೇರಿಗೂ ಒಪ್ಪುತ್ತದೆ, ಕಾರ್ಖಾನೆಗೂ ಒಪ್ಪುತ್ತದೆ. ವರದಿ ಬರೆದವನು ಗುಮಾಸ್ತ, ಸನ್ಮಾನ ಸಾಹೇಬರಿಗೆ, ತಪ್ಪು ಸಿಕ್ಕರೆ ನೋಟಿಸು ಮತ್ತೆ ಗುಮಾಸ್ತನಿಗೆ.

ಇಲ್ಲಿ ಒಂದು ಚಾರ್ಟು ಬರಬೇಕಿತ್ತು. ಬೇಡ. ಹಿನ್ನೀರಿಗೆ ಸಿಕ್ಕ ಇಡೀ ಊರನ್ನು ಎತ್ತಿ ಬೇರೆ ಕಡೆ ಇಡಬೇಕೆಂದರೆ ಎಷ್ಟು ಜನರ ಜೊತೆ ಕೂತು ಮಾತಾಡಬೇಕು! ಯಾರ ಮನೆಯ ಪಕ್ಕ ಯಾರ ಮನೆ ಬರಬೇಕು, ದನ ಎಲ್ಲಿ ಕಟ್ಟಬೇಕು, ಹನುಮಪ್ಪನ ಗುಡಿ ಏನಾಗಬೇಕು, ಹಿರಿಯರ ಗೋರಿ ಏನಾಗಬೇಕು? ಹೆಂಗಸರು ಬಟ್ಟೆ ಒಗೆಯಲು ಎಷ್ಟು ದೂರ ನಡೆಯಬೇಕು? ಜನರನ್ನು ನಿಭಾಯಿಸುವ ವಿದ್ಯೆ ಬೇಕಿದ್ದದ್ದು ಅಲ್ಲಿ. ಆದರೆ ಸ್ಥಳಾಂತರದ ಮಾತು ವರ್ಷಗಟ್ಟಲೆ ಎಳೆಯಿತು. ಪ್ರತಿ ಮಳೆಗಾಲ ಹೊಳೆಯ ಕಡೆ ನೋಡುತ್ತಾ ಕೂರುವುದು ಜನರ ಪಾಲಿಗೆ ಬಂತು. ನಮ್ಮ ತರಬೇತಿಯಲ್ಲಿ ಕೇಳುವುದನ್ನು ಕಲಿಯಬೇಕಾದವರು ವೇದಿಕೆಯ ಮೇಲಿದ್ದರು. ಕೇಳಿ ಕೇಳಿ ಸಾಕಾದವರನ್ನು ಕೆಳಗೆ ಕೂರಿಸಿ 'ಆಲಿಸುವ ಕಲೆ' ಹೇಳಿಕೊಟ್ಟರು.

5. ಕ್ಷೇತ್ರಕಾರ್ಯ

ಉಳ್ಳಾಗಡ್ಡಿ ಹೊಲದಲ್ಲಿ ಕಸ ತೆಗೆಯುವ ಹೆಣ್ಣಾಳುಗಳ ಗುಂಪೊಂದನ್ನು ಅವಲೋಕಿಸಲಾಯಿತು. ಆಳು ಕೂಡಿಸಿಕೊಂಡು ಬರುವ ಹೆಂಗಸು ಬೆಳಿಗ್ಗೆ ಸಾಲು ಹಂಚುತ್ತಾಳೆ. ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ ಕೂಸು ಮಲಗಿಸಿದವಳಿಗೆ ಗಿಡದ ಮಗ್ಗಲಿನ ಸಾಲು: 'ನೀ ಇಲ್ಲೇ ಹಿಡಿಯವಾ, ಕೂಸು ಅತ್ರ ಕೇಳಸ್ತೈತಿ.' ಮಂಡಿನೋವಿನ ಮುದುಕಿಯ ಆಚೆ ಈಚೆ ಕುರ್ಪಿ ಚುರುಕಾಗಿ ಆಡಿಸುವ ಇಬ್ಬರು ಹುಡುಗಿಯರು. ಮುದುಕಿ ಹಿಂದೆ ಬಿದ್ದರೆ ಅವರು ಬಾಯಿಬಿಡದೆ ಆಕೆಯ ಸಾಲಿನಲ್ಲೂ ಎರಡು ಮೊಳ ಕಸ ತೆಗೆದು ಮುಂದೆ ಹೋಗುತ್ತಾರೆ. 'ದೊಡ್ಡವ್ವ ಯಾಕ ತಡಾ ಮಾಡ್ತಾಳ' ಎಂದು ಹೊಲದ ಯಜಮಾನ ಗೊಣಗಿದರೆ, 'ಸಂಜಿಗೆ ಹೊಲ ಮುಗದಿರ್ತೈತಿ, ನೀವು ಹೊಲಾ ನೋಡ್ರಿ ಯಪ್ಪಾ, ಆಕೀನ ನೋಡಬ್ಯಾಡ್ರಿ' ಎಂಬುದು ಸಾಲು ಹಂಚಿದವಳ ಉತ್ತರ. ಸಂಜೆ ಕೂಲಿ ಕೈಗೆ ಬಂದಾಗ ಅವಳೇ ಎಲ್ಲರಿಗೂ ಎಣಿಸಿಕೊಟ್ಟು, ಉಳಿದ ತನ್ನ ಪಾಲನ್ನು ಕಡೆಗೆ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ.

ಈಕೆಯ ವಿಧಾನವನ್ನು ಶಾಸ್ತ್ರೀಯ ಪದಗಳಲ್ಲಿ ವಿವರಿಸಲು ಪ್ರಯತ್ನಿಸಬಹುದು. ಪ್ರಯತ್ನಿಸಲು ಮನಸ್ಸಿಲ್ಲ.

6. ಶಿಫಾರಸುಗಳು

ಕೂಲಿ ಆ ಸಂಜೆಯೇ, ಪಗಾರ ಆ ತಿಂಗಳೇ ಕೊಡಬೇಕು. ಬೈಯುವುದಿದ್ದರೆ ಒಳಗೆ ಕರೆದು ಬೈಯಬೇಕು, ಹೊಗಳುವುದಿದ್ದರೆ ನಾಲ್ಕು ಜನರೆದುರು ಹೊಗಳಬೇಕು. ಕೈಲಾಗದವರ ಪಕ್ಕ ಕೈಲಾಗುವವರನ್ನು ಕೂರಿಸಬೇಕು, ಅದನ್ನು ಊರಿಗೆಲ್ಲ ಸಾರಬಾರದು. ಊರು ಮುಳುಗಿಸುವ ಮುಂಚೆ ಊರಿನವರನ್ನು ಕೇಳಬೇಕು. ಇಷ್ಟನ್ನೇ ಎರಡು ದಿನದ ತರಬೇತಿಗೆ ಹಿಗ್ಗಿಸುವುದಾದರೆ ಲೇಖಕನ ಅಭ್ಯಂತರವಿಲ್ಲ. ಸಂಪನ್ಮೂಲ ವ್ಯಕ್ತಿಗಳ ಸಂಭಾವನೆಯನ್ನು ಮಾತ್ರ ಆ ದಿನ ಚಹಾ ಕೊಟ್ಟಾತನಿಗೆ, ಆತನ ಹೆಸರು ಕೇಳಿ ಬರೆದುಕೊಂಡು, ಮುಟ್ಟಿಸತಕ್ಕದ್ದು.